ಮಂಕಾದದ್ದು ನಕ್ಷತ್ರವೋ, ಲೆನ್ಸೋ?

ಮಳೆ ನಕ್ಷತ್ರಗಳ ಹೆಸರು ನಮ್ಮ ರೈತರಿಗೆ ಬಾಯಿಪಾಠ. ಗುತ್ತಲ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಯಾವ ಹೊಲದಲ್ಲಿ ಕೇಳಿದರೂ ರೋಹಿಣಿ, ಮೃಗಶಿರ, ಆರಿದ್ರಾ ಎಂದು ಸಾಲಾಗಿ ಹೇಳುತ್ತಾರೆ. ಆದರೆ ಆರಿದ್ರಾ ಎಂಬ ನಕ್ಷತ್ರವನ್ನು ಆಕಾಶದಲ್ಲಿ ಗುರುತಿಸಬಲ್ಲವರು ಎಷ್ಟು ಜನ? ಆರಿದ್ರಾ ಮಳೆಯ ದಿನಗಳಲ್ಲಿ ಅದು ಕಾಣುವುದೇ ಇಲ್ಲ. ಆಗ ಅದು ಸೂರ್ಯನ ದಿಕ್ಕಿನಲ್ಲಿರುತ್ತದೆ. ಜನವರಿಯಲ್ಲಿ ಇಶಾ ನಮಾಝ್ ಮುಗಿಸಿ ಹೊರಬಂದು ಪೂರ್ವದ ಕಡೆ ತಲೆಯೆತ್ತಿ ನೋಡಿ. ಕೆಂಪಾಗಿ ಹೊಳೆಯುವುದು ಆರಿದ್ರಾ. ಅದಕ್ಕಿಂತ ಮೇಲೆ, ಕೇಸರಿ ಬಣ್ಣದಲ್ಲಿರುವುದು ರೋಹಿಣಿ. ಇವೆರಡಕ್ಕೂ ಜಗತ್ತು ಇಂದು ಬಳಸುವ ಬೀಟಲ್‌ಜೂಸ್, ಅಲ್ಡೆಬರಾನ್ ಎಂಬ ಹೆಸರುಗಳು ಅರಬಿ ಭಾಷೆಯಿಂದಲೇ ಹುಟ್ಟಿದವು.

ಸಾಮಾನ್ಯವಾಗಿ ಆರಿದ್ರಾ ರೋಹಿಣಿಗಿಂತ ಹೆಚ್ಚು ಪ್ರಕಾಶಮಾನ. ಆದರೆ 2019ರ ಕೊನೆಯಲ್ಲಿ ಅದು ಮಂಕಾಗುತ್ತ ಬಂತು. 2020ರ ಫೆಬ್ರವರಿ ಹೊತ್ತಿಗೆ ಅದರ ಬೆಳಕು ಎಂದಿನ ಅರ್ಧಕ್ಕಿಂತಲೂ ಕೆಳಗಿಳಿದು, ರೋಹಿಣಿಯೇ ಅದಕ್ಕಿಂತ ಪ್ರಕಾಶಮಾನವಾಗಿ ಕಂಡಿತು. ನಕ್ಷತ್ರ ಸಿಡಿಯಲಿದೆ ಎಂಬ ಗುಲ್ಲೂ ಎದ್ದಿತು. ಕೆಲವೇ ತಿಂಗಳಲ್ಲಿ ಅದು ಮತ್ತೆ ಮೊದಲಿನಂತೆ ಬೆಳಗಿತು. ನಕ್ಷತ್ರವೇ ಹೊರಗೆ ಚೆಲ್ಲಿದ ಅನಿಲ ತಣ್ಣಗಾಗಿ, ಧೂಳಾಗಿ, ಅದರ ಮುಖಕ್ಕೆ ಅಡ್ಡ ಬಂದಿತ್ತು ಎಂದು 2021ರಲ್ಲಿ ವಿಜ್ಞಾನಿಗಳು ವಿವರಿಸಿದರು.

ಇಂಥ ಬದಲಾವಣೆಯನ್ನು ಅಳೆಯಲು ದೊಡ್ಡ ದೂರದರ್ಶಕವೇ ಬೇಕೆಂದಿಲ್ಲ. ಮದುವೆ ಫೋಟೋ ತೆಗೆಯುವ ಕ್ಯಾಮೆರಾ ಸಾಕು. ಆದರೆ ಒಂದು ಎಚ್ಚರಿಕೆ ಅಗತ್ಯ.

ಗುತ್ತಲದ ಒಬ್ಬ ಕಾಲೇಜು ಹುಡುಗಿ ಅಣ್ಣನ ಕ್ಯಾಮೆರಾದಿಂದ ಈ ಎರಡು ನಕ್ಷತ್ರಗಳ ಚಿತ್ರ ತೆಗೆದಳು ಎಂದಿಟ್ಟುಕೊಳ್ಳಿ. ಮೊದಲ ರಾತ್ರಿ ಎರಡೂ ಚಿತ್ರದ ನಡುಭಾಗದಲ್ಲಿದ್ದವು. ಕಂಪ್ಯೂಟರಿನಲ್ಲಿ ಅಳೆದಾಗ ಆರಿದ್ರಾ 1400, ರೋಹಿಣಿ 1000. ಹತ್ತು ದಿನ ಬಿಟ್ಟು ಮತ್ತೆ ತೆಗೆದಳು. ಈ ಸಲ ಆರಿದ್ರಾ ಚಿತ್ರದ ಮೂಲೆಗೆ ಹೋಗಿತ್ತು. ಅಳತೆ ಬಂದದ್ದು 980. ನಡುವಿಗೆ ಹತ್ತಿರವಿದ್ದ ರೋಹಿಣಿ ಹಾಗೆಯೇ 1000. ಆರಿದ್ರಾ ಮತ್ತೆ ಮಂಕಾಯಿತು ಎಂದು ಅವಳು ಸಾರಿಬಿಟ್ಟರೆ? ಸುಳ್ಳು ಹೇಳುವ ಉದ್ದೇಶ ಅವಳಿಗಿಲ್ಲ. ಆದರೂ ಅದು ಸುಳ್ಳೇ. ಏಕೆಂದರೆ ಮಂಕಾದದ್ದು ನಕ್ಷತ್ರವಲ್ಲ, ಲೆನ್ಸಿನ ಮೂಲೆ.

ಯಾವ ಲೆನ್ಸೂ ಚಿತ್ರದ ಎಲ್ಲ ಭಾಗಕ್ಕೂ ಒಂದೇ ಪ್ರಮಾಣದ ಬೆಳಕು ಕೊಡುವುದಿಲ್ಲ. ನಡುವೆ ಹೆಚ್ಚು, ಮೂಲೆಗಳಲ್ಲಿ ಕಡಿಮೆ. ಇದರ ಜೊತೆಗೆ ಧೂಳು. ಎರೆಮಣ್ಣಿನ ದಾರಿಗಳಲ್ಲಿ ಬೇಸಿಗೆಯ ಧೂಳು ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಲೆನ್ಸ್ ಬದಲಿಸುವಾಗ ಒಂದು ಕಣ ಸೆನ್ಸರಿನ ಮುಂದಿನ ಗಾಜಿನ ಮೇಲೆ ಕೂತರೂ ಚಿತ್ರದಲ್ಲಿ ಮಸುಕಾದ ಕಲೆ ಮೂಡುತ್ತದೆ. ಕನ್ನಡಿ ಇರುವ ದೂರದರ್ಶಕದಲ್ಲಾದರೆ ಅದು ಬಳೆಯಂತೆ ಕಾಣುತ್ತದೆ.

ಇದಕ್ಕೆ ಖಗೋಳ ಛಾಯಾಗ್ರಾಹಕರು ಕಂಡುಕೊಂಡ ಮದ್ದು ಫ್ಲಾಟ್ ಫ್ರೇಮ್. ಎಲ್ಲೆಡೆ ಒಂದೇ ಸಮನಾದ ಬೆಳಕಿರುವ, ಬೇರೇನೂ ಇಲ್ಲದ ಖಾಲಿ ಚಿತ್ರ ಅದು. ನೋಡುವ ವಸ್ತು ಸಮನಾಗಿರುವಾಗ ಚಿತ್ರದಲ್ಲಿ ಕಾಣುವ ಏರುಪೇರೆಲ್ಲ ಕ್ಯಾಮೆರಾದ್ದೇ ತಾನೆ? ತನ್ನ ಕುಂದುಗಳನ್ನು ಕ್ಯಾಮೆರಾ ತಾನೇ ಬರೆದುಕೊಟ್ಟಂತೆ.

ತೆಗೆಯುವ ವಿಧಾನ ಹೀಗೆ. ರಾತ್ರಿಯ ಚಿತ್ರ ಮುಗಿದ ಮೇಲೆ ಲೆನ್ಸ್ ಬಿಚ್ಚಬೇಡಿ. ಫೋಕಸ್, ಝೂಮ್, ಅಪರ್ಚರ್, ಐಎಸ್‌ಒ ಯಾವುದನ್ನೂ ಕದಲಿಸಬೇಡಿ. ಫೋಕಸ್ ಉಂಗುರಕ್ಕೆ ಒಂದು ತುಂಡು ಟೇಪ್ ಅಂಟಿಸಿದರೆ ಒಳ್ಳೆಯದು. ಫಜ್ರ್ ನಮಾಝಿನ ನಂತರ, ಸೂರ್ಯ ಹುಟ್ಟುವ ಮುನ್ನ, ಒಗೆದ ಬಿಳಿ ಹತ್ತಿ ಬಟ್ಟೆಯನ್ನು ಎರಡು ಪದರ ಮಾಡಿ, ಸುಕ್ಕಿಲ್ಲದಂತೆ ಲೆನ್ಸಿನ ಬಾಯಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಹಳೆಯ ಬನಿಯನ್ ಆದರೂ ನಡೆಯುತ್ತದೆ. ಕ್ಯಾಮೆರಾವನ್ನು ನೆತ್ತಿಯ ಕಡೆ, ತುಸು ಪಶ್ಚಿಮಕ್ಕೆ ವಾಲಿಸಿ ಹಿಡಿಯಿರಿ. ಸೂರ್ಯ ಏಳುವ ದಿಕ್ಕಿನಲ್ಲಿ ಬೆಳಕು ಸಮನಾಗಿರುವುದಿಲ್ಲ. ಸೂರ್ಯನ ಕಡೆಗಂತೂ ಕ್ಯಾಮೆರಾ ತಿರುಗಿಸಲೇಬಾರದು. ಅದು ಕಣ್ಣಿಗೂ ಸೆನ್ಸರಿಗೂ ಅಪಾಯ.

ನಮ್ಮ ಸೀಮೆಯಲ್ಲಿ ನಸುಕು ಬಹಳ ಬೇಗ ಬೆಳಕಾಗುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಯಲ್ಲಿಟ್ಟರೆ ಎಷ್ಟು ಹೊತ್ತು ಬೆಳಕು ಬಿಡಬೇಕೆಂಬುದನ್ನು ಅದೇ ನೋಡಿಕೊಳ್ಳುತ್ತದೆ. ಹಿಸ್ಟೋಗ್ರಾಂನ ಗುಡ್ಡ ಹೆಚ್ಚುಕಡಿಮೆ ನಡುವೆ ನಿಲ್ಲಬೇಕು. ಬಲತುದಿಗೆ ಅಂಟಿದರೆ ಚಿತ್ರ ಕೆಟ್ಟಂತೆ. ಎಲ್ಲವನ್ನೂ ‘ರಾ’ ಫೈಲಾಗಿ ತೆಗೆಯಿರಿ. ಒಂದೇ ಚಿತ್ರ ಸಾಲದು, ಸುಮಾರು 25 ಬೇಕು. ಪ್ರತಿ ಚಿತ್ರದಲ್ಲೂ ಕಾಳುಕಾಳಾದ ಗದ್ದಲವಿರುತ್ತದೆ. 25ರ ಸರಾಸರಿ ತೆಗೆದರೆ ಅದು ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ನಡುನಡುವೆ ಕ್ಯಾಮೆರಾ ಮತ್ತು ಲೆನ್ಸನ್ನು ಒಟ್ಟಾಗಿ ಕಾಲು ಸುತ್ತು ತಿರುಗಿಸುತ್ತಿದ್ದರೆ ಆಕಾಶದ ಏರುಪೇರೂ ಸರಾಸರಿಯಲ್ಲಿ ಅಳಿಯುತ್ತದೆ. ದೂರದರ್ಶಕಕ್ಕೆ ಜೋಡಿಸಿದ ಕ್ಯಾಮೆರಾವನ್ನು ಮಾತ್ರ ಅದರ ಜೋಡಣೆಯಲ್ಲಿ ತಿರುಗಿಸಬಾರದು. ತಿರುಗಿಸಿದರೆ ಕಲೆಗಳ ಜಾಗ ಬದಲಾಗುತ್ತದೆ. ಮನೆಯೊಳಗೆ ಟ್ಯಾಬ್ಲೆಟ್ಟಿನ ಬಿಳಿ ಪರದೆಯನ್ನೂ ಬಳಸಬಹುದು. ಆದರೆ ಪರದೆ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುವುದರಿಂದ, ಬಿಳಿ ಕಾಗದದ ಪದರಗಳನ್ನು ಅಡ್ಡವಿಟ್ಟು ಬೆಳಕು ತಗ್ಗಿಸಿ, ಶಟರ್ ನಿಧಾನವಾಗಿರುವಂತೆ ನೋಡಿಕೊಳ್ಳಿ.

ಇನ್ನೊಂದು ಕೆಲಸ ಬಾಕಿಯಿದೆ. ಬೆಳಕೇ ಇಲ್ಲದಿದ್ದರೂ ಕ್ಯಾಮೆರಾ ತನ್ನದೊಂದು ಅಂಕಿಯನ್ನು ಸೇರಿಸಿಕೊಂಡಿರುತ್ತದೆ. ಚೀಲದ ತೂಕ ಕಳೆಯದೆ ಮೆಣಸಿನಕಾಯಿಯ ನಿಜ ತೂಕ ಸಿಗುತ್ತದೆಯೇ? ಹಾಗೆಯೇ ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒದಲ್ಲಿ, ಅಷ್ಟೇ ಹೊತ್ತಿನ ಕೆಲವು ಕಪ್ಪು ಚಿತ್ರ ತೆಗೆದು ಫ್ಲಾಟಿನಿಂದ ಕಳೆಯಬೇಕು. ರಾತ್ರಿಯ ಚಿತ್ರಗಳಿಗೂ ಅವುಗಳದ್ದೇ ಕಪ್ಪು ಚಿತ್ರ ಬೇಕು. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ತಂತ್ರಾಂಶಗಳು ಈ ಲೆಕ್ಕವನ್ನೆಲ್ಲ ಮಾಡಿಕೊಡುತ್ತವೆ.

ಆ ಲೆಕ್ಕ ಕಷ್ಟದ್ದೇನೂ ಅಲ್ಲ. ಫ್ಲಾಟಿನಲ್ಲಿ ನಡುಭಾಗ 100 ಇದ್ದು ಮೂಲೆ 70 ಇದ್ದರೆ, ಮೂಲೆಗೆ ತಲುಪುವುದು ಬೆಳಕಿನ 0.7 ಪಾಲು ಎಂದಾಯಿತು. ಆ ಹುಡುಗಿಯ 980ನ್ನು 0.7ರಿಂದ ಭಾಗಿಸಿ ನೋಡಿ. 1400! ಆರಿದ್ರಾ ಎಲ್ಲಿಯೂ ಮಂಕಾಗಿರಲಿಲ್ಲ.

ದೊಡ್ಡ ವಿಜ್ಞಾನಿಗಳೂ ಈ ಕೆಲಸದಿಂದ ತಪ್ಪಿಸಿಕೊಳ್ಳುವುದಿಲ್ಲ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, 2 ಮೀಟರ್ ಅಗಲದ ಕನ್ನಡಿಯುಳ್ಳ ಹಿಮಾಲಯನ್ ಚಂದ್ರ ದೂರದರ್ಶಕವಿದೆ. 2000ದಲ್ಲಿ ಮೊದಲ ಬೆಳಕು ಕಂಡ ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಿಂದ. ಅಷ್ಟು ಶುದ್ಧ ಗಾಳಿಯ ಎತ್ತರದಲ್ಲಿಯೂ ಖಗೋಳಜ್ಞರು ಸಂಜೆ, ನಸುಕಿನ ಖಾಲಿ ಆಕಾಶದ ಫ್ಲಾಟ್ ತೆಗೆದು, ರಾತ್ರಿಯ ಚಿತ್ರಗಳನ್ನು ಅದರಿಂದ ಭಾಗಿಸಿದ ಮೇಲೆಯೇ ನಕ್ಷತ್ರಗಳ ಬೆಳಕನ್ನು ಲೆಕ್ಕ ಹಾಕುತ್ತಾರೆ.

ಇಂದು ಮೊಬೈಲಿನಲ್ಲಿ ಬೆರಳಾಡಿಸಿದರೆ ಕಲೆ ಮಾಯವಾಗುತ್ತದೆ, ಮೂಲೆ ಬೆಳ್ಳಗಾಗುತ್ತದೆ. ಮಕ್ಕಳು ಇದನ್ನೂ ತಿದ್ದುಪಡಿ ಎಂದೇ ಭಾವಿಸುತ್ತಾರೆ. ಕಲೆಯ ಜೊತೆ ಅಲ್ಲಿದ್ದ ಮಸುಕು ನಕ್ಷತ್ರವೂ ಅಳಿಸಿಹೋದರೆ ಅದನ್ನು ತಿಳಿಯುವ ದಾರಿಯೇ ಇಲ್ಲ. ಫ್ಲಾಟ್ ಹಾಗಲ್ಲ. ಅದು ಕುಂದನ್ನು ಅಳೆದು ಅಷ್ಟನ್ನೇ ಸರಿಪಡಿಸುತ್ತದೆ, ಮತ್ತು ಯಾರು ಬೇಕಾದರೂ ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು.

ಆರಿದ್ರಾದ ಮುಖಕ್ಕೆ ನಿಜವಾಗಿಯೂ ಧೂಳು ಕವಿದಿತ್ತು. ನಮ್ಮ ಕ್ಯಾಮೆರಾದ ಮೇಲೂ ಧೂಳಿರುತ್ತದೆ. ಯಾವುದು ಯಾವುದೆಂದು ಬೇರ್ಪಡಿಸಿದ ಮೇಲಷ್ಟೇ ಆಕಾಶದ ಬಗ್ಗೆ ಮಾತಾಡುವ ಹಕ್ಕು ನಮಗೆ ಬರುತ್ತದೆ. ಆದ್ದರಿಂದ ಹೆತ್ತವರೇ, ನಿಮ್ಮ ಮಗನೋ ಮಗಳೋ ನಸುಕಿನಲ್ಲಿ ಮಾಳಿಗೆ ಹತ್ತಿ, ಕ್ಯಾಮೆರಾಕ್ಕೆ ಬಿಳಿ ಬಟ್ಟೆ ಕಟ್ಟಿ, ಏನೂ ಇಲ್ಲದ ಆಕಾಶದ ಫೋಟೋ ತೆಗೆಯುತ್ತಿದ್ದರೆ ಗದರಬೇಡಿ. ಬಟ್ಟೆ ಶುಭ್ರವಾಗಿದೆಯೇ ಎಂದಷ್ಟೇ ನೋಡಿ.