ಮಡಚುವ ಸೈಕಲ್: ಎತ್ತರದ, ಭಾರದ ದೇಹಕ್ಕೆ ಯಾವುದು ಹಿತ?

ನಗರಗಳಲ್ಲಿ ನೆಲೆಸಿರುವ ನಮ್ಮ ಸದ್ಭಕ್ತರಲ್ಲಿ ಕೆಲವರು ಇತ್ತೀಚೆಗೆ ಕಚೇರಿಗೆ ಹೋಗಿಬರಲು ಮಡಚುವ ಸೈಕಲ್ಲನ್ನು ಕೊಳ್ಳುವ ವಿಚಾರದಲ್ಲಿದ್ದಾರೆ. ಮನೆಯಿಂದ ಮೆಟ್ರೋ ನಿಲ್ದಾಣದವರೆಗೆ ತುಳಿಯುವುದು, ಅಲ್ಲಿ ಮಡಚಿ ಕೈಯಲ್ಲಿ ಹಿಡಿದು ರೈಲು ಹತ್ತುವುದು, ಇಳಿದ ನಿಲ್ದಾಣದಿಂದ ಮತ್ತೆ ತುಳಿದು ಕಚೇರಿ ಸೇರುವುದು ಎಂಬ ಕ್ರಮ ಅನುಕೂಲಕರವೂ ಹೌದು, ಆರೋಗ್ಯಕರವೂ ಹೌದು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಮಧ್ಯಮ ಶ್ರಮದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ತುಳಿದರೆ ವಾರದ ಐದು ಕೆಲಸದ ದಿನಗಳಲ್ಲಿ ಈ ಲೆಕ್ಕ ತುಂಬುತ್ತದೆ. ವ್ಯಾಯಾಮಕ್ಕೆಂದು ಬೇರೆ ಹೊತ್ತನ್ನು ಹುಡುಕಬೇಕಾಗಿಲ್ಲ.

ಆದರೆ ಈ ವ್ಯಾಯಾಮದ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಈ ವಾಹನ ಅನೇಕ ವೇಳೆ ಹೊಂದುವುದಿಲ್ಲ. ಆರಡಿಗಿಂತ ಎತ್ತರವಿದ್ದು, ತೂಕ ನೂರು ಕಿಲೋ ಸಮೀಪಿಸಿದ ವ್ಯಕ್ತಿಗೆ ವೈದ್ಯರು ಸೈಕಲ್ ತುಳಿಯಲು ಸಲಹೆ ಮಾಡುತ್ತಾರೆ. ಅಂಗಡಿಗೆ ಹೋದರೆ ಎಲ್ಲಕ್ಕಿಂತ ಚಿಕ್ಕದಾಗಿ ಮಡಚಿಕೊಳ್ಳುವ ಅಥವಾ ಎಲ್ಲಕ್ಕಿಂತ ಅಗ್ಗವಾದ ಸೈಕಲ್ಲನ್ನು ಮುಂದಿಡುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಮೊಣಕಾಲು ನೋಯತೊಡಗುತ್ತದೆ, ಇಲ್ಲವೇ ಹಿಂದಿನ ಚಕ್ರದ ಕಡ್ಡಿಗಳು ಒಂದೊಂದಾಗಿ ಮುರಿಯುತ್ತವೆ. ಸೈಕಲ್ಲು ಬಾಲ್ಕನಿಯ ಮೂಲೆ ಸೇರುತ್ತದೆ. ‘ನನ್ನ ದೇಹಕ್ಕೆ ಸೈಕಲ್ಲು ಆಗಿಬರುವುದಿಲ್ಲ’ ಎಂದು ಆತ ತೀರ್ಮಾನಿಸುತ್ತಾನೆ. ಈ ತೀರ್ಮಾನ ಸರಿಯಲ್ಲವೆಂಬುದೇ ಈ ಲೇಖನದ ಅಭಿಪ್ರಾಯ. ದೋಷವಿರುವುದು ದೇಹದಲ್ಲಲ್ಲ, ಆಯ್ಕೆಯ ಕ್ರಮದಲ್ಲಿ. ಎತ್ತರದ ಹಾಗೂ ಭಾರದ ಸವಾರರು, ಸ್ತ್ರೀಯರಾಗಲಿ ಪುರುಷರಾಗಲಿ, ಮೊದಲು ನೋಡಬೇಕಾದುದು ಸೈಕಲ್ಲು ಹೊರಬಲ್ಲ ಭಾರವನ್ನು. ಅನಂತರ ಅದು ಕಾಲಿನ ಉದ್ದಕ್ಕೆ ಹೊಂದುವುದೇ ಎಂಬುದನ್ನು. ಆಮೇಲೆ ಚಕ್ರ ಮತ್ತು ಬ್ರೇಕುಗಳನ್ನು. ಎಷ್ಟು ಚಿಕ್ಕದಾಗಿ ಮಡಚುತ್ತದೆ ಎಂಬ ಪ್ರಶ್ನೆ ಎಲ್ಲಕ್ಕೂ ಕಡೆಯದು. ಅಂಗಡಿಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ.

ಭಾರದ ಮಿತಿಯನ್ನು ಮೊದಲು ಕೇಳಿ

ಪ್ರತಿಯೊಂದು ಒಳ್ಳೆಯ ಸೈಕಲ್ಲಿನ ಕೈಪಿಡಿಯಲ್ಲಿಯೂ ಅದು ಎಷ್ಟು ಭಾರ ಹೊರಬಲ್ಲದೆಂದು ಬರೆದಿರುತ್ತದೆ. ಇಂಗ್ಲೆಂಡಿನ ಬ್ರಾಂಪ್ಟನ್ ಸಂಸ್ಥೆಯ ಪ್ರಸಿದ್ಧ 16 ಇಂಚಿನ ಚಕ್ರದ ಸೈಕಲ್ಲಿಗೆ ಈ ಮಿತಿ, ಸವಾರ ಮತ್ತು ಸಾಮಾನು ಸೇರಿ, 110 ಕಿಲೋ. ದಹೋನ್ ಮತ್ತು ಟರ್ನ್ ಸಂಸ್ಥೆಗಳ ಅನೇಕ ಮಾದರಿಗಳಿಗೆ ಅದು ಸುಮಾರು 105 ಕಿಲೋ. ಕೇಳುವವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೆಲವರು ಸವಾರನ ತೂಕವನ್ನಷ್ಟೇ ಹೇಳುತ್ತಾರೆ, ಕೆಲವರು ಸಾಮಾನು ಸೇರಿಸಿ ಹೇಳುತ್ತಾರೆ, ಮತ್ತೆ ಕೆಲವರು ಸೈಕಲ್ಲಿನ ತೂಕವನ್ನೂ ಕೂಡಿಸಿ ಹೇಳುತ್ತಾರೆ. ಹೇಳಿದ ಸಂಖ್ಯೆ ಯಾವುದಕ್ಕೆ ಸೇರಿದ್ದೆಂದು ತಿಳಿಯದೆ ಹಣ ಕೊಡಬಾರದು.

ಒಂದು ಉದಾಹರಣೆ ನೋಡೋಣ. ಒಬ್ಬರ ದೇಹದ ತೂಕ 97 ಕಿಲೋ ಎಂದಿಟ್ಟುಕೊಳ್ಳಿ. ಬಟ್ಟೆ, ಬೂಟು ಸೇರಿ 2 ಕಿಲೋ. ಲ್ಯಾಪ್‌ಟಾಪ್, ಊಟದ ಡಬ್ಬಿ, ನೀರಿನ ಬಾಟಲಿ, ಮಳೆಯಂಗಿ ಇರುವ ಚೀಲ 7 ಕಿಲೋ. ಬೀಗ, ಸರಪಳಿ 1 ಕಿಲೋ. ಒಟ್ಟು 107 ಕಿಲೋ ಆಯಿತು. ನೂರಕ್ಕಿಂತ ಕಡಿಮೆ ತೂಗುವ ಮನುಷ್ಯ 105 ಕಿಲೋ ಮಿತಿಯನ್ನು ದಿನವೂ ಮೀರುತ್ತಿರುತ್ತಾನೆ, ಅದು ಅವನಿಗೆ ತಿಳಿದಿರುವುದಿಲ್ಲ. ಆದುದರಿಂದ ಮನೆಯ ತೂಕದ ಯಂತ್ರದ ಮೇಲೆ ಕಚೇರಿಗೆ ಹೊರಡುವ ವೇಷದಲ್ಲಿ, ಚೀಲವನ್ನು ಬೆನ್ನಿಗೇರಿಸಿಕೊಂಡೇ ನಿಂತು ನೋಡುವುದು ಒಳ್ಳೆಯದು. ಬಂದ ಸಂಖ್ಯೆಗೂ ಸೈಕಲ್ಲಿನ ಮಿತಿಗೂ ನಡುವೆ ಹತ್ತು ಕಿಲೋದಷ್ಟಾದರೂ ಅಂತರವಿರಲಿ.

ಸಾಮಾನ್ಯ ಸೈಕಲ್ಲಿಗಿಂತ ಮಡಚುವ ಸೈಕಲ್ಲಿನಲ್ಲಿ ಈ ಎಚ್ಚರ ಏಕೆ ಹೆಚ್ಚು ಬೇಕು? ಸಾಮಾನ್ಯ ಸೈಕಲ್ಲಿನ ಚೌಕಟ್ಟು ತ್ರಿಕೋನಾಕಾರದ್ದು. ಭಾರವನ್ನು ಮೂರು ಕೊಳವೆಗಳು ಹಂಚಿಕೊಳ್ಳುತ್ತವೆ. ಮಡಚುವ ಸೈಕಲ್ಲಿನಲ್ಲಿ ಬಹುತೇಕ ಒಂದೇ ದಪ್ಪ ಕೊಳವೆ ಇರುತ್ತದೆ, ಅದರ ನಡುವೆ ಒಂದು ಕೀಲು. ಹ್ಯಾಂಡಲ್ಲಿನ ಬುಡದಲ್ಲಿ ಇನ್ನೊಂದು ಕೀಲು. ಭಾರ, ಅದುರು, ತಿರುಚು ಎಲ್ಲವೂ ಈ ಕೀಲುಗಳ ಮೇಲೆ ಬೀಳುತ್ತವೆ. ಅಲ್ಯೂಮಿನಿಯಂ ಹಗುರವಾದರೂ ಪದೇ ಪದೇ ಬೀಳುವ ಭಾರಕ್ಕೆ ದಣಿಯುವ ಲೋಹ. ಕೂದಲೆಳೆಯಂಥ ಬಿರುಕು ಕಣ್ಣಿಗೆ ಬೀಳದೆ ಬೆಳೆಯಬಲ್ಲದು. ಮಿತಿ ಮೀರಿದ ಭಾರ ಹೊತ್ತ ಸೈಕಲ್ಲು ಮೊದಲ ದಿನವೇ ಮುರಿಯುವುದಿಲ್ಲ. ಅದು ಎರಡು ವರ್ಷ ಸುಮ್ಮನಿದ್ದು ಒಂದು ದಿನ ರಸ್ತೆಯ ನಡುವೆ ಮುರಿಯಬಹುದು.

ಕಾಲಿಗೆ ತಕ್ಕ ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಿದ್ದುದು ಖರ್ಚಿನ ವಿಷಯಕ್ಕೆ. ಸೈಕಲ್ಲಿನ ವಿಷಯಕ್ಕೆ ಅದನ್ನು ಅನ್ವಯಿಸಿದರೆ ಮೊಣಕಾಲು ಕೆಡುತ್ತದೆ. ಇಲ್ಲಿ ಕಾಲಿದ್ದಷ್ಟು ಹಾಸಿಗೆ ಬೇಕು.

ಸೈಕಲ್ ಸವಾರಿಯಲ್ಲಿ ದೇಹದ ಭಾರವನ್ನು ಸೀಟು ಹೊರುವುದರಿಂದ, ಓಟಕ್ಕೆ ಹೋಲಿಸಿದರೆ ಮೊಣಕಾಲಿಗೆ ಪೆಟ್ಟು ಕಡಿಮೆ. ಭಾರವಿರುವವರಿಗೆ ವೈದ್ಯರು ಸೈಕಲ್ಲನ್ನು ಸೂಚಿಸುವುದು ಇದೇ ಕಾರಣಕ್ಕೆ. ಆದರೆ ಸೀಟು ತಗ್ಗಿನಲ್ಲಿದ್ದರೆ ಈ ಲಾಭ ಕೈತಪ್ಪುತ್ತದೆ. ಪೆಡಲ್ ಕೆಳಗೆ ಬಂದಾಗಲೂ ಮೊಣಕಾಲು ಹೆಚ್ಚು ಬಾಗಿಯೇ ಇರುತ್ತದೆ; ಆ ಸ್ಥಿತಿಯಲ್ಲಿ ಒತ್ತಿದ ಪ್ರತಿ ತುಳಿತವೂ ಮೊಣಕಾಲ ಚಿಪ್ಪನ್ನು ಅದರ ಹಿಂದಿನ ಮೂಳೆಗೆ ಒತ್ತುತ್ತದೆ. ಪೆಡಲ್ ತೀರಾ ಕೆಳಗಿರುವಾಗ ಮೊಣಕಾಲಿನ ಬಾಗು 25ರಿಂದ 35 ಡಿಗ್ರಿಯಷ್ಟಿರಬೇಕು. ಇದನ್ನು ಪರೀಕ್ಷಿಸಲು ಯಂತ್ರ ಬೇಕಿಲ್ಲ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿದರೆ ಬೇಕಾದ ಬಾಗು ತಾನಾಗಿ ದೊರೆಯುತ್ತದೆ.

ಅಂಗಡಿಗೆ ಹೋಗುವ ಮೊದಲೇ ಲೆಕ್ಕ ಹಾಕಬಹುದು. ಬರಿಗಾಲಿನಲ್ಲಿ ಗೋಡೆಗೊರಗಿ ನಿಂತು ತೊಡೆಯ ಸಂದಿನಿಂದ ನೆಲದವರೆಗಿನ ಅಳತೆ ತೆಗೆದುಕೊಂಡು 0.88ರಿಂದ ಗುಣಿಸಿದರೆ, ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಬೇಕಾದ ಎತ್ತರ ಸಿಗುತ್ತದೆ. ಕಾಲಿನ ಒಳಅಳತೆ 87 ಸೆಂ.ಮೀ. ಇದ್ದರೆ ಸುಮಾರು 77 ಸೆಂ.ಮೀ. ಬೇಕು. ಮಡಚುವ ಸೈಕಲ್ಲಿನ ಚೌಕಟ್ಟು ತಗ್ಗಾಗಿರುವುದರಿಂದ ಈ ಎತ್ತರದ ಬಹುಭಾಗವನ್ನು ಸೀಟಿನ ಕಂಬವೊಂದೇ ಕೊಡಬೇಕು. ಕಂಬದ ಮೇಲೆ ‘ಇದಕ್ಕಿಂತ ಹೆಚ್ಚು ಎಳೆಯಬಾರದು’ ಎಂಬ ಗೆರೆಯೊಂದು ಇರುತ್ತದೆ. ಎತ್ತರದವರು ಆ ಗೆರೆಯನ್ನು ದಾಟಿ ಕಂಬವನ್ನು ಎಳೆಯುವುದು ಸಾಮಾನ್ಯವಾಗಿ ಕಾಣುವ ತಪ್ಪು, ಅಷ್ಟೇ ಅಪಾಯಕರವಾದ ತಪ್ಪು. ಕಂಬ ಉದ್ದವಾದಷ್ಟೂ ಅದರ ಬುಡವನ್ನು ಬಗ್ಗಿಸುವ ಬಲ ಹೆಚ್ಚುತ್ತದೆ. ಭಾರವೂ ಹೆಚ್ಚಿದ್ದರೆ ಕೇಳುವುದೇ ಬೇಡ. ಗೆರೆಯೊಳಗೆ ಎತ್ತರ ಸಾಲದಿದ್ದರೆ ಅದೇ ಸಂಸ್ಥೆಯ ಉದ್ದನೆಯ ಕಂಬ ದೊರೆಯುವುದೇ ಎಂದು ಕೇಳಿ. ದೊರೆಯದಿದ್ದರೆ ಆ ಸೈಕಲ್ಲನ್ನು ಬಿಟ್ಟುಬಿಡಿ.

ಇನ್ನೊಂದು ಮಾತು. ಸೀಟಿನ ಕಂಬ ಸಾಮಾನ್ಯವಾಗಿ ಹಿಂದಕ್ಕೆ ಓರೆಯಾಗಿರುತ್ತದೆ. ಅದನ್ನು 10 ಸೆಂ.ಮೀ. ಏರಿಸಿದರೆ ಸೀಟು ಸುಮಾರು 3 ಸೆಂ.ಮೀ. ಹಿಂದೆ ಸರಿಯುತ್ತದೆ. ಎತ್ತರದವರ ಉದ್ದನೆಯ ಕೈಗಳಿಗೆ ಇದರಿಂದ ಸ್ವಲ್ಪ ಅನುಕೂಲವೇ. ಆದರೆ ದೇಹದ ಭಾರ ಹಿಂದಿನ ಚಕ್ರದ ಮೇಲೆ ಇನ್ನಷ್ಟು ಬೀಳುತ್ತದೆ. ಕಡ್ಡಿ ಮುರಿಯುವುದು ಬಹುತೇಕ ಹಿಂದಿನ ಚಕ್ರದಲ್ಲೇ ಏಕೆ ಎಂಬುದಕ್ಕೆ ಇದೂ ಒಂದು ಕಾರಣ. ಕೊಂಡು ಒಂದು ತಿಂಗಳಾದ ಮೇಲೆ ಆ ಕಡ್ಡಿಗಳನ್ನು ಅಂಗಡಿಯಲ್ಲಿ ಮತ್ತೆ ಬಿಗಿ ಮಾಡಿಸಬೇಕು.

ಚಕ್ರ, ಟೈರು, ಬ್ರೇಕು

ಚಿಕ್ಕ ಚಕ್ರ ದುರ್ಬಲವೆಂಬುದು ತಪ್ಪು ತಿಳಿವಳಿಕೆ. ಗಿಡ್ಡ ಕಡ್ಡಿಗಳಿಂದಾಗಿ ಚಿಕ್ಕ ಚಕ್ರವೇ ಗಟ್ಟಿ. ಆದರೆ ನಮ್ಮ ರಸ್ತೆಯ ಗುಂಡಿಗಳಲ್ಲಿ ಚಿಕ್ಕ ಚಕ್ರ ಆಳಕ್ಕೆ ಇಳಿಯುತ್ತದೆ, ಅದರ ಪೆಟ್ಟು ಸವಾರನ ಸೊಂಟಕ್ಕೂ ಚೌಕಟ್ಟಿನ ಕೀಲಿಗೂ ತಟ್ಟುತ್ತದೆ. ಆದ್ದರಿಂದ ಭಾರದ ಸವಾರರಿಗೆ 16 ಇಂಚಿಗಿಂತ 20 ಇಂಚಿನ ಚಕ್ರ, ಅದರಲ್ಲಿಯೂ 1.75ರಿಂದ 2 ಇಂಚು ಅಗಲದ ಟೈರು ಹಿತಕರ. ಟೈರಿನ ಬದಿಯಲ್ಲಿ 406 ಎಂಬ ಸಂಖ್ಯೆ ಇದೆಯೇ ನೋಡಿ. ಈ ಅಳತೆ ಹೆಚ್ಚು ಬಳಕೆಯಲ್ಲಿರುವುದರಿಂದ ಟೈರು, ಟ್ಯೂಬುಗಳು ಸುಲಭವಾಗಿ ದೊರೆಯುತ್ತವೆ. ಗಾಳಿಯ ಒತ್ತಡವನ್ನು ಟೈರಿನ ಮೇಲೆ ನಮೂದಿಸಿದ ಮಿತಿಯೊಳಗೇ ಮೇಲ್ಮಟ್ಟದಲ್ಲಿ ಇಟ್ಟುಕೊಳ್ಳಬೇಕು. ಗಾಳಿ ಕಡಿಮೆಯಾದರೆ ಗುಂಡಿಯಲ್ಲಿ ರಿಮ್ಮು ಟ್ಯೂಬನ್ನು ಕಚ್ಚುತ್ತದೆ.

ಒಟ್ಟು ಭಾರ ಇಮ್ಮಡಿಯಾದರೆ ಅದೇ ವೇಗದಲ್ಲಿ ನಿಲ್ಲಿಸಬೇಕಾದ ಶಕ್ತಿಯೂ ಇಮ್ಮಡಿ. ಇಳಿಜಾರಿನಲ್ಲಿ, ಮಳೆಯಲ್ಲಿ ಇದರ ಅರ್ಥ ಚೆನ್ನಾಗಿ ತಿಳಿಯುತ್ತದೆ. ಡಿಸ್ಕ್ ಬ್ರೇಕು ಅಥವಾ ಒಳ್ಳೆಯ ದರ್ಜೆಯ ರಿಮ್ ಬ್ರೇಕು ಇಲ್ಲದ ಸೈಕಲ್ಲು ಎಷ್ಟೇ ಸುಂದರವಾಗಿದ್ದರೂ ಬೇಡ. ಸೀಟಿನ ವಿಷಯದಲ್ಲಿ ದಪ್ಪನೆಯ ಮೆತ್ತೆಗೆ ಮನಸೋಲಬೇಡಿ. ಭಾರಕ್ಕೆ ಅದು ಕುಸಿದು ಮೃದುಭಾಗಗಳನ್ನು ಒತ್ತುತ್ತದೆ. ಕುಳಿತಾಗ ಪೃಷ್ಠದ ಎರಡು ಮೂಳೆಗಳಿಗೂ ಆಧಾರ ಕೊಡುವಷ್ಟು ಅಗಲವಾದ, ಗಟ್ಟಿಯಾದ ಸೀಟೇ ಲೇಸು. ಜೋಮು ಹಿಡಿಯುತ್ತಿದ್ದರೆ ಅದನ್ನು ಸಹಿಸಿಕೊಳ್ಳದೆ ಸೀಟನ್ನು ಬದಲಿಸಬೇಕು.

ಮಡಚಿದ ಮೇಲಿನ ಮಾತು

2022ರಲ್ಲಿ ಬೆಂಗಳೂರು ಮೆಟ್ರೋ ನಿಗಮವು ಮಡಚುವ ಸೈಕಲ್ಲನ್ನು ರೈಲಿನ ಕೊನೆಯ ಬೋಗಿಯಲ್ಲಿ ಒಯ್ಯಲು ಅನುಮತಿ ನೀಡಿತು. ತೂಕ 15 ಕಿಲೋ ಮೀರಬಾರದು. ಮಡಚಿದ ಅಳತೆ 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 25 ಸೆಂ.ಮೀ. ದಪ್ಪದೊಳಗಿರಬೇಕು ಎಂಬುದು ಆಗ ಪ್ರಕಟವಾದ ನಿಯಮ. ಅನುಮತಿ ಸಂತೋಷದ ವಿಷಯವೇ. ಆದರೆ ಅಳತೆಯನ್ನು ಸ್ವಲ್ಪ ಯೋಚಿಸಿ ನೋಡಿ. 20 ಇಂಚಿನ ಚಕ್ರವೊಂದರ ವ್ಯಾಸವೇ, ಟೈರು ಸೇರಿ, ಸುಮಾರು 50 ಸೆಂ.ಮೀ. ಅದು 45 ಸೆಂ.ಮೀ. ಅಗಲದೊಳಗೆ ಹೇಗೆ ಮಡಚಿದರೂ ಕೂರದು. ಅತಿ ಚಿಕ್ಕದಾಗಿ ಮಡಚುವುದಕ್ಕೆ ಹೆಸರಾದ ಬ್ರಾಂಪ್ಟನ್ ಸೈಕಲ್ಲಿನ ದಪ್ಪವೇ ಸುಮಾರು 27 ಸೆಂ.ಮೀ. ಅಂದರೆ ಭಾರದ ದೇಹಕ್ಕೆ ಯಾವುದು ಸುರಕ್ಷಿತವೋ ಅದು ನಿಯಮದ ಅಳತೆಗೆ ಒಗ್ಗದು. ನಿಯಮದ ಅಳತೆಗೆ ಯಾವುದು ಒಗ್ಗಬಹುದೋ ಅದು ಭಾರದ ದೇಹಕ್ಕೆ ತಕ್ಕದ್ದಲ್ಲ. ಕೊನೆಯ ಬೋಗಿಯಲ್ಲಿ ಸ್ಥಳವಿರುವ ಹೊತ್ತಿನಲ್ಲಾದರೂ 20 ಇಂಚಿನ ಚಕ್ರದ ಸೈಕಲ್ಲಿಗೆ ಎಡೆ ಮಾಡಿಕೊಡುವುದು ನಿಗಮಕ್ಕೆ ಅಸಾಧ್ಯವೇನಲ್ಲ. ಪ್ರಯಾಣಿಕರು ಇದನ್ನು ವಿನಯದಿಂದ, ಆದರೆ ಬಿಡದೆ ಕೇಳಬೇಕು. ಅಲ್ಲಿಯವರೆಗೆ, ಹಣ ಕೊಡುವ ಮುನ್ನ ತಾವು ದಿನವೂ ಹತ್ತುವ ನಿಲ್ದಾಣದಲ್ಲಿ ಈಗಿನ ನಿಯಮವನ್ನು ವಿಚಾರಿಸಿಕೊಳ್ಳುವುದು ಜಾಣತನ. ಬ್ಯಾಟರಿಯಿಂದ ಓಡುವ ಮಡಚುವ ಸೈಕಲ್ಲುಗಳಲ್ಲಿ ಬಹಳಷ್ಟು 15 ಕಿಲೋಗಿಂತ ಭಾರವೆಂಬುದೂ ನೆನಪಿನಲ್ಲಿರಲಿ.

ಹಾಗಾದರೆ ದಾರಿಯೇನು? ತೂಕ ನೂರು ಕಿಲೋ ಸುತ್ತಮುತ್ತ ಇದ್ದು, ಎತ್ತರ 190 ಸೆಂ.ಮೀ. ಒಳಗಿದ್ದರೆ, 20 ಇಂಚಿನ ಗಟ್ಟಿ ಸೈಕಲ್ಲೊಂದು ಬಹುಮಟ್ಟಿಗೆ ಹೊಂದುತ್ತದೆ. ಅದು ರೈಲಿಗೆ ಬರದಿದ್ದರೂ ಕಾರಿನ ಡಿಕ್ಕಿಯಲ್ಲಿ, ಕಚೇರಿಯ ಮೇಜಿನ ಕೆಳಗೆ, ಚಿಕ್ಕ ಮನೆಯ ಮೂಲೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಅದಕ್ಕೂ ಮೀರಿದ ದೇಹವುಳ್ಳವರು ವಿದೇಶದಲ್ಲಿದ್ದರೆ ಅಮೆರಿಕದ ಆರೆಗಾನ್ ರಾಜ್ಯದ ಬೈಕ್ ಫ್ರೈಡೇ ಸಂಸ್ಥೆಯಂತೆ ಸವಾರನ ಅಳತೆಗೇ ಕಟ್ಟಿಕೊಡುವವರನ್ನು ವಿಚಾರಿಸಬಹುದು. ಇಲ್ಲಿರುವವರಿಗೆ ಸರಳವಾದ ಸಲಹೆ: ಮಡಚುವ ಆಸೆಯನ್ನು ಬಿಟ್ಟು, ದೊಡ್ಡ ಚೌಕಟ್ಟಿನ ಸಾಮಾನ್ಯ ಸೈಕಲ್ಲನ್ನು ಕೊಂಡು, ಅದನ್ನು ನಿಲ್ದಾಣದಲ್ಲಿ ಬೀಗ ಹಾಕಿಟ್ಟು, ಆ ಕಡೆಯಲ್ಲಿ ನಡೆದು ಹೋಗಿ. ನಡಿಗೆಯೂ ವ್ಯಾಯಾಮವೇ.

ಎರಡು ಆಕ್ಷೇಪಗಳು

‘ಮೊದಲು ತೂಕ ಇಳಿಸಿ, ಆಮೇಲೆ ಸೈಕಲ್ಲು ಕೊಳ್ಳುತ್ತೇನೆ’ ಎನ್ನುವವರುಂಟು. ಅದು ಈಜು ಕಲಿತ ಮೇಲೆ ನೀರಿಗಿಳಿಯುತ್ತೇನೆಂದಂತೆ. ತೂಕ ಇಳಿಯದಿದ್ದರೂ ನಿಯಮಿತವಾದ ತುಳಿತದಿಂದ ರಕ್ತದೊತ್ತಡ, ಸಕ್ಕರೆಯ ಅಂಶ ಹತೋಟಿಗೆ ಬರಲು ನೆರವಾಗುತ್ತದೆ. ‘ಸದ್ಯಕ್ಕೆ ಅಗ್ಗದ್ದೊಂದನ್ನು ಕೊಂಡು ನೋಡೋಣ’ ಎನ್ನುವವರೂ ಉಂಟು. ಹಗುರ ದೇಹದವರಿಗೆ ಆ ಮಾತು ಸಲ್ಲಬಹುದು. ಭಾರದವರಿಗೆ ಅಗ್ಗದ ಕೀಲು ಎಂದರೆ ಪ್ರಾಣದೊಡನೆ ಮಾಡುವ ಪರೀಕ್ಷೆ. ಕೈಯಲ್ಲಿರುವ ಹಣ ಕಡಿಮೆಯಾದರೆ ಅದೇ ಬೆಲೆಗೆ ಮಡಚದ ಸೈಕಲ್ಲು ಹೆಚ್ಚು ಗಟ್ಟಿಯಾಗಿ ದೊರೆಯುತ್ತದೆ.

ಕೊಳ್ಳುವ ದಿನ ಚೀಲ ಸಮೇತ ಅಂಗಡಿಗೆ ಹೋಗಿ, ಹತ್ತು ನಿಮಿಷ ತುಳಿದು ನೋಡಿ. ಸೀಟಿನ ಕಂಬ ತಾನಾಗಿ ಕೆಳಗಿಳಿಯುತ್ತದೆಯೇ, ಕೀಲಿನಲ್ಲಿ ಸದ್ದು ಬರುತ್ತದೆಯೇ, ತುಳಿಯುವಾಗ ಮೊಣಕಾಲು ಹ್ಯಾಂಡಲ್ಲಿಗೆ ತಗಲುತ್ತದೆಯೇ, ಹಿಮ್ಮಡಿ ಹಿಂದಿನ ಚೀಲಕ್ಕೆ ಬಡಿಯುತ್ತದೆಯೇ ಗಮನಿಸಿ. ಮನೆಗೆ ತಂದ ಮೇಲೆ ಪ್ರತಿ ಸವಾರಿಗೂ ಮುನ್ನ ಕೀಲಿನ ಲಿವರುಗಳ ಬಿಗಿಯನ್ನು ಕೈಯಿಂದ ಮುಟ್ಟಿ ನೋಡುವುದು, ತಿಂಗಳಿಗೊಮ್ಮೆ ಕೀಲನ್ನು ಒರೆಸಿ ಬಿರುಕಿದೆಯೇ ಎಂದು ಬೆಳಕಿನಲ್ಲಿ ಪರೀಕ್ಷಿಸುವುದು ರೂಢಿಯಾಗಲಿ. ಎದೆನೋವು, ಏದುಸಿರು ಇರುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕಂಡೇ ಆರಂಭಿಸಬೇಕು.

ಅಂಗಡಿಯಲ್ಲಿ ಎಲ್ಲರೆದುರು ತನ್ನ ತೂಕವನ್ನು ಹೇಳಿಕೊಳ್ಳಲು ಅನೇಕರು ಸಂಕೋಚಪಡುತ್ತಾರೆ. ಹತ್ತು ಕಿಲೋ ಕಡಿಮೆ ಹೇಳುತ್ತಾರೆ, ಇಲ್ಲವೇ ಕೇಳದೆಯೇ ಕೊಂಡುಬಿಡುತ್ತಾರೆ. ಔಷಧಿಯ ಪ್ರಮಾಣ ಗೊತ್ತುಮಾಡಲು ವೈದ್ಯರು ತೂಕ ಕೇಳಿದರೆ ನಾವು ಸುಳ್ಳು ಹೇಳುತ್ತೇವೆಯೇ? ಸೈಕಲ್ಲಿನ ಅಂಗಡಿಯಲ್ಲಿಯೂ ಹಾಗೆಯೇ. ‘ನನ್ನ ತೂಕ ಇಷ್ಟು, ಎತ್ತರ ಇಷ್ಟು, ಚೀಲ ಇಷ್ಟು; ಈ ಸೈಕಲ್ಲು ನನ್ನನ್ನು ಹೊರುತ್ತದೆಯೇ?’ ಎಂದು ದನಿಯೆತ್ತಿ ಕೇಳಿ, ಉತ್ತರವನ್ನು ಕೈಪಿಡಿಯಲ್ಲಿ ತೋರಿಸಲು ಹೇಳಿ. ತೋರಿಸಲಾಗದ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಿದರೂ ನಷ್ಟವಿಲ್ಲ.