ನರ್ಸಮ್ಮನ ದುಃಖ ಕೇಳುವವರು ಯಾರು?

ಸೋದರಿಯರೇ, ಆಸ್ಪತ್ರೆಯಲ್ಲಿ ನರ್ಸು ಸಿಡುಕಿದರೆ "ಎಂಥಾ ಕಲ್ಲುಮನಸ್ಸಪ್ಪಾ!" ಅಂದುಬಿಡುತ್ತೇವೆ. ಹಿಂದಿನ ರಾತ್ರಿ ಆಕೆಯ ಕಣ್ಣೆದುರೇ ಒಂದು ಮಗು ತೀರಿಕೊಂಡಿರಬಹುದು. ಆ ಸಂಕಟವನ್ನು ಆಕೆ ಯಾರ ಹತ್ತಿರ ಹೇಳಿಕೊಳ್ಳಬೇಕು?

1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಮೈಕೆಲ್ ಮತ್ತು ಈನಿಡ್ ಬ್ಯಾಲಿಂಟ್ ದಂಪತಿಗಳು ವೈದ್ಯರಿಗಾಗಿ ಇಂಥದ್ದೊಂದು ಕೂಟ ನಡೆಸಿದರು. ಆ ಪದ್ಧತಿ ಇಂದಿಗೂ ಇದೆ. ನರ್ಸುಗಳಿಗೂ ಇಂಥ ಕೂಟಗಳುಂಟು. ಎಂಟು ಹತ್ತು ಜನ ದುಂಡಗೆ ಕೂರುತ್ತಾರೆ. ಒಬ್ಬರು ತಮ್ಮನ್ನು ಕಾಡುತ್ತಿರುವ ರೋಗಿಯ ವಿಷಯ ಹೇಳುತ್ತಾರೆ. ಆಮೇಲೆ ಅವರು ಸುಮ್ಮನಿದ್ದು, ಉಳಿದವರು ತಮಗೆ ತೋಚಿದ್ದನ್ನು ಆಡುವುದನ್ನು ಕೇಳುತ್ತಾರೆ.

ಕೂಟ ನಡೆಸುವವರ ಕೆಲಸ ಸುಲಭವೇನಲ್ಲ. ಹೊತ್ತಿಗೆ ಸರಿಯಾಗಿ ಶುರುಮಾಡಿ ಮುಗಿಸಬೇಕು. ಆಡಿದ ಮಾತು ಹೊರಗೆ ಹೋಗಬಾರದೆಂದು ಮೊದಲೇ ಎಲ್ಲರನ್ನೂ ಒಪ್ಪಿಸಬೇಕು. "ನೀನು ಹೀಗೆ ಮಾಡಬೇಕಿತ್ತು" ಎಂದು ಯಾರಾದರೂ ಹೊರಟರೆ ಮೆಲ್ಲಗೆ ತಡೆಯಬೇಕು. ಯಾರೂ ಮಾತಾಡದಿದ್ದಾಗ ಆ ಮೌನವನ್ನೂ ತಾಳಿಕೊಳ್ಳಬೇಕು.

ನಿಮ್ಮ ಮಗಳೋ ಸೊಸೆಯೋ ನರ್ಸಾಗಿದ್ದರೆ, ಡ್ಯೂಟಿ ಮುಗಿಸಿ ಬಂದಾಗ ಒಂದು ಲೋಟ ಕಾಫಿ ಕೊಟ್ಟು ಹತ್ತು ನಿಮಿಷ ಪಕ್ಕದಲ್ಲಿ ಕೂತ್ಕೊಳ್ಳಿ. ರೋಗಿಯ ಹೆಸರು ಕೇಳಬೇಡಿ, ಬುದ್ಧಿ ಹೇಳಬೇಡಿ. "ಆಮೇಲೇನಾಯ್ತಮ್ಮ?" ಅಂದರೆ ಸಾಕು.