ಬಯಲು ಬಂಜರಲ್ಲ

ಮಲೆಯ ಮಕ್ಕಳಾದ ನಮಗೆ ಕಾಡೆಂದರೆ ಮರ. ಹಸಿರು ದಟ್ಟವಾಗಿದ್ದಷ್ಟೂ ನೆಲ ಆರೋಗ್ಯವಾಗಿದೆಯೆಂದು ನಂಬಿ ಬೆಳೆದವರು ನಾವು. ಊರ ಬದಿಯ ಬ್ಯಾಣ, ದನ ಮೇಯುವ ಹಕ್ಕಲು, ಘಟ್ಟದ ನೆತ್ತಿಯ ಹುಲ್ಲುಗಾವಲು ನಮ್ಮ ಬದುಕಿನ ಭಾಗವೇ ಆಗಿದ್ದರೂ 'ಅರಣ್ಯ' ಎಂಬ ಪದ ಕಿವಿಗೆ ಬಿದ್ದೊಡನೆ ಅವು ನೆನಪಿಗೆ ಬರುವುದಿಲ್ಲ. ಇನ್ನು ಬಯಲುಸೀಮೆಯ ಮಾತಂತೂ ದೂರವೇ ಉಳಿಯಿತು. ಶಿವಮೊಗ್ಗದಿಂದ ರಾಜಧಾನಿಗೆ ಹೋಗುವ ರೈಲು ಅರಸೀಕೆರೆ, ತಿಪಟೂರುಗಳನ್ನು ದಾಟಿ ಗುಬ್ಬಿ, ತುಮಕೂರಿನತ್ತ ಸಾಗುವಾಗ ತೆಂಗಿನ ತೋಟಗಳ ನಡುವೆ ಅಲ್ಲಲ್ಲಿ ಒಣಹುಲ್ಲು, ಜಾಲಿ, ತಂಗಡಿ, ಹೆಬ್ಬಂಡೆಗಳ ನೆಲ ಕಾಣಿಸುತ್ತದೆ. 'ಇಲ್ಲಿ ಏನೂ ಇಲ್ಲ' ಎಂದುಕೊಂಡು ನಾವು ಕಿಟಕಿಯಿಂದ ಮುಖ ತಿರುಗಿಸುತ್ತೇವೆ.

'ಏನೂ ಇಲ್ಲ' ಎಂಬ ಈ ಮಾತೇ ಬಯಲಿನ ಬಹುದೊಡ್ಡ ಶತ್ರು. ಏನೂ ಇಲ್ಲದ ಜಾಗದಲ್ಲಿ ಏನನ್ನು ಬೇಕಾದರೂ ಮಾಡಬಹುದು: ನೀಲಗಿರಿ ನೆಡಬಹುದು, ಬೇಲಿ ಹಾಕಬಹುದು, ಹಂಚಬಹುದು, ಮಾರಬಹುದು. ಆದ್ದರಿಂದ ಈ ಸಂಚಿಕೆಯ ಮೂಲಕ ನಮ್ಮ ಓದುಗರಲ್ಲಿ, ವಿಶೇಷವಾಗಿ ವಿದ್ಯಾರ್ಥಿ ಮಿತ್ರರಲ್ಲಿ, ಒಂದು ವಿನಂತಿ. ಮುಂದಿನ ರಜೆಯಲ್ಲಿ ಜಲಪಾತ, ಶಿಖರಗಳ ಚಾರಣವನ್ನು ಒಂದು ಸಲ ಬದಿಗಿರಿಸಿ. ತುಮಕೂರಿನ ಬಯಲಿಗೆ ಹೋಗಿ, ನಡೆದೇ ನೋಡಿ.

ನಡಿಗೆಯನ್ನು ದೇವರಾಯನದುರ್ಗದಿಂದ ಆರಂಭಿಸುವುದು ಯೋಗ್ಯ. ತುಮಕೂರು ನಗರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ಈ ಬೆಟ್ಟಸಾಲು ಬಯಲುಸೀಮೆಯ ಜಲವಿಭಜಕ. ಇಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಇಲ್ಲಿಯೇ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಎರಡು ನದಿಗಳ ಹುಟ್ಟು! ಬೆಟ್ಟದ ಬಂಡೆ, ಕುರುಚಲು, ಹುಲ್ಲು ಕೂಡಿ ಹಿಡಿದಿಟ್ಟ ನೀರು ಅದು. ಈ ಬಂಡೆಗಳ ನಡುವಿನ ಕುರುಚಲಿನಲ್ಲಿಯೇ ಹಳದಿ ಕೊರಳಿನ ಪಿಕಳಾರ ವಾಸಿಸುತ್ತದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಭಾಗದಲ್ಲೂ ಈ ಹಕ್ಕಿ ಇಲ್ಲ. ಇದನ್ನು ನೋಡಬೇಕೆಂದರೆ ದಟ್ಟ ಕಾಡಿಗೆ ಹೋಗಬೇಕಾಗಿಲ್ಲ, ನಾವು 'ಬೋಳುಗುಡ್ಡ' ಎನ್ನುವಲ್ಲಿಗೇ ಹೋಗಬೇಕು.

ಶಿಂಷೆಯ ಜಾಡು ಹಿಡಿದು ತೆಂಕಣಕ್ಕೆ ಇಳಿದರೆ ಗುಬ್ಬಿ ತಾಲ್ಲೂಕಿನ ಕಡಬದ ದೊಡ್ಡ ಕೆರೆ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸಿಗುತ್ತವೆ. ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆಯೂ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ನೆಲವೂ ಇದೇ ತಾಲ್ಲೂಕಿನಲ್ಲಿವೆ. ಕೆರೆಯ ಹಾಡು ನಮಗೆ ಗೊತ್ತು. ಆದರೆ ಆ ಕೆರೆಗೆ ನೀರು ತರುವ, ಕುರಿ ಮೇಯುವ ಏರುನೆಲದ ಹೆಸರು ಗೊತ್ತಿಲ್ಲ. ಕೆರೆಯಂಗಳದಿಂದ ಹಿಂದಕ್ಕೆ, ಹಳ್ಳದ ಜಾಡಿನಲ್ಲಿ ಮೇಲಕ್ಕೆ ನಡೆದು ನೋಡಿದವರಿಗೆ ಈ ಸಂಬಂಧ ತಾನಾಗಿ ತಿಳಿಯುತ್ತದೆ. ಹುಲ್ಲಿನ ಬೇರು ಹಿಡಿದಿಟ್ಟ ಮಣ್ಣು ಅಲ್ಲಿಯೇ ಉಳಿಯುತ್ತದೆ. ಹುಲ್ಲು ಹೋದ ನೆಲದ ಮಣ್ಣು ಹೂಳಾಗಿ ಕೆರೆ ಸೇರುತ್ತದೆ.

ಇನ್ನು ಜಯಮಂಗಲಿಯ ಜಾಡು. ಉತ್ತರಕ್ಕೆ, ಆಂಧ್ರದ ಗಡಿಗೆ ಹೊಂದಿಕೊಂಡಂತೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಗಳ ಒಂದು ಹುಲ್ಲುಗಾವಲಿದೆ. ಕೃಷ್ಣಮೃಗಗಳ ನೆಲೆಯಾದ ಇದನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ತುಮಕೂರಿನ ನಿಸರ್ಗಾಸಕ್ತರು ವರ್ಷಗಟ್ಟಲೆ ಈ ಬಯಲನ್ನು ಸುತ್ತಿ, ಮೃಗಗಳನ್ನು ಎಣಿಸಿ, ದಾಖಲಿಸಿದ್ದರ ಪಾತ್ರ ಇದರಲ್ಲಿ ಸಣ್ಣದಲ್ಲ. ಕೃಷ್ಣಮೃಗ ಮರೆಯಲ್ಲಿ ಅಡಗಿ ಬದುಕುವ ಪ್ರಾಣಿಯಲ್ಲ. ದೂರದಿಂದಲೇ ಅಪಾಯವನ್ನು ಕಂಡು, ಓಟದಿಂದ ಪಾರಾಗುವುದು ಅದರ ರೀತಿ. ಕಣ್ಣಿಗೂ ಕಾಲಿಗೂ ಅಡ್ಡಿಯಿಲ್ಲದ ಬಯಲೇ ಅದರ ಕೋಟೆ. ಅಲ್ಲಿ ಮರ ನೆಟ್ಟು 'ಹಸಿರು ಮಾಡುವುದು' ಆ ಕೋಟೆಯನ್ನು ಕೆಡವಿದಂತೆಯೇ ಸರಿ. ಮೈದನಹಳ್ಳಿಯಲ್ಲಿಯೂ ನೀಲಗಿರಿ ನೆಡುತೋಪುಗಳು ಬಂದು ಕುಳಿತಿವೆ ಎಂಬುದನ್ನು ಅಲ್ಲಿ ನಡೆದಾಡಿದವರು ಬಲ್ಲರು. ಇದೇ ಜಿಲ್ಲೆಯ ಶಿರಾ ಸೀಮೆಯ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ಅಂದರೆ, 'ಏನೂ ಇಲ್ಲ' ಎನ್ನಲಾದ ಈ ಒಂದೇ ಜಿಲ್ಲೆಯಲ್ಲಿ ಕೃಷ್ಣಮೃಗ, ಚಿಂಕಾರ ಎರಡಕ್ಕೂ ನೆಲೆಯಿದೆ.

ಹಾಗಾದರೆ ಈ ನೆಲವನ್ನು ಬಂಜರೆಂದು ಕರೆದವರು ಯಾರು? ನಮ್ಮ ಹಿರಿಯರಂತೂ ಅಲ್ಲ. ಮೈಸೂರು ಅರಸರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದಿದ್ದು, ಟಿಪ್ಪುವಿನ ಕಾಲದಲ್ಲಿ 'ಅಮೃತ ಮಹಲ್' ಎಂದು ಹೆಸರು ಪಡೆದ ದನಗಳಿಗಾಗಿ ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಕಾವಲುಗಳನ್ನು ಕಾಯ್ದಿರಿಸಲಾಗಿತ್ತು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು. ದನ ಹೋದ ಮೇಲೆ ಹುಲ್ಲಿಗೆ ವಿಶ್ರಾಂತಿ. 'ಕಾವಲು' ಎಂಬ ಹೆಸರೇ ಹೇಳುವಂತೆ ಅದು ಕಾಯಬೇಕಾದ ನೆಲ. ನೆಲವನ್ನು ಕಂದಾಯದ ಅಳತೆಗೋಲಿನಿಂದ ಮಾತ್ರ ನೋಡಿದ ಬ್ರಿಟಿಷರ ಆಡಳಿತಕ್ಕೆ ತೆರಿಗೆ ಕೊಡದ ಭೂಮಿಯೆಲ್ಲ ಪಾಳಾಗಿ ಕಂಡಿತು. ಸ್ವಾತಂತ್ರ್ಯ ಬಂದ ಮೇಲೂ ಆ ಕಣ್ಣು ಬದಲಾಗಲಿಲ್ಲ. ಕೇಂದ್ರ ಸರ್ಕಾರವೇ ಹೊರತರುವ ಪಾಳುಭೂಮಿಯ ನಕಾಶೆಗಳಲ್ಲಿ ಕುರುಚಲು ನೆಲವೂ ಸೊರಗಿದ ಹುಲ್ಲುಗಾವಲೂ ಇಂದಿಗೂ ಸೇರಿಕೊಂಡಿವೆ.

1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಬಂದ ಸಾಮಾಜಿಕ ಅರಣ್ಯ ಯೋಜನೆ ಇಂಥ ನೆಲಗಳಿಗೆ ನೀಲಗಿರಿಯನ್ನು ತಂದಿತು. ಅದಕ್ಕೆ ಮೊದಲು ಎದುರು ನಿಂತವರಲ್ಲಿ ಇದೇ ತುಮಕೂರು ಜಿಲ್ಲೆಯ ರೈತರಿದ್ದರು. 1983ರ ಆಗಸ್ಟಿನಲ್ಲಿ ಅವರು ಮೆರವಣಿಗೆಯಲ್ಲಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜಗಳನ್ನು ಊರಿದರು. 1987ರಲ್ಲಿ ಕುಸನೂರಿನಲ್ಲಿ ನಡೆದ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಾಡಿಗೆಲ್ಲ ತಿಳಿದಿದೆ. ಅದಕ್ಕೆ ನಾಲ್ಕು ವರ್ಷ ಮೊದಲೇ ತುಮಕೂರಿನ ಮಣ್ಣು ಮಾತನಾಡಿತ್ತು. ಸರ್ಕಾರ ನೀಲಗಿರಿ, ಅಕೇಶಿಯಾ ಬೆಳೆಸುವುದನ್ನು ನಿಷೇಧಿಸಿ ಆದೇಶ ಹೊರಡಿಸಿದ್ದು 2017ರಲ್ಲಿ. ರೈತ 1983ರಲ್ಲಿ ಕಂಡದ್ದನ್ನು ಆಡಳಿತ ಕಾಣಲು 34 ವರ್ಷಗಳು ಬೇಕಾದವು.

ಇಂದಿನ ಒತ್ತಡಗಳ ರೂಪ ಬೇರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಗಳಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿಯಲ್ಲಿ ಅದು ಉದ್ಘಾಟನೆಗೊಂಡಿತು. ಪಕ್ಕದ ಚಳ್ಳಕೆರೆಯಲ್ಲಿ ಸುಮಾರು ಹತ್ತು ಸಾವಿರ ಎಕರೆ ಅಮೃತ ಮಹಲ್ ಕಾವಲು ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ದೇಶಕ್ಕೆ ಕಾರ್ಖಾನೆ ಬೇಡವೆ, ಗುಬ್ಬಿಯ ಯುವಕರಿಗೆ ಉದ್ಯೋಗ ಬೇಡವೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಎರಡೂ ಬೇಕು. ಆದರೆ ನೆಲ ಬೇಕಾದಾಗಲೆಲ್ಲ ಕಡತ ಮೊದಲು ಹೋಗಿ ನಿಲ್ಲುವುದು ಕಾವಲು, ಗೋಮಾಳಗಳ ಮುಂದೆಯೇ ಏಕೆ? ಅಲ್ಲಿ ಪಹಣಿಯಲ್ಲಿ ಹೆಸರಿರುವ ಮಾಲೀಕನಿಲ್ಲ, ಪರಿಹಾರದ ತಗಾದೆಯಿಲ್ಲ. ಕುರಿ ಹಿಂಡಿನ ಹಿಂದೆ ನಡೆಯುವ ಕುರುಬರಿಗೂ ಗೊಲ್ಲರಿಗೂ ಕಚೇರಿಯಲ್ಲಿ ಕುರ್ಚಿಯಿಲ್ಲ. ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಮೂವತ್ತು ಎಕರೆ, ಗೋಮಾಳ ಇರಬೇಕೆಂದು ನಮ್ಮ ಭೂಕಂದಾಯ ನಿಯಮಗಳೇ ಹೇಳುತ್ತವೆ. ತಮ್ಮ ಊರಿನ ಗೋಮಾಳ ಈಗ ಎಷ್ಟು ಉಳಿದಿದೆಯೆಂದು ಬಲ್ಲ ಗ್ರಾಮಸ್ಥರು ಎಷ್ಟು ಮಂದಿ?

ಕುರಿಗಾಹಿಯ ನಷ್ಟ ಅವನೊಬ್ಬನದಾಗಿ ಉಳಿಯುವುದಿಲ್ಲ. ಸುಗ್ಗಿಯ ನಂತರ ಹೊಲದಲ್ಲಿ ಮಂದೆ ನಿಲ್ಲಿಸಿ ಗೊಬ್ಬರ ಪಡೆಯುತ್ತಿದ್ದ ರೈತನೂ ಅದರ ಪಾಲುದಾರ. ಕಾವಲು ಮುಚ್ಚಿದರೆ ಮಂದೆ ಇಲ್ಲ. ಮಂದೆ ಇಲ್ಲದಿದ್ದರೆ ಗೊಬ್ಬರದ ಅಂಗಡಿಯ ಸಾಲ ಬೆಳೆಯುತ್ತದೆ. ಮರಗಳಂತೆ ಹುಲ್ಲೂ ಇಂಗಾಲವನ್ನು ಹಿಡಿದಿಡುತ್ತದೆ. ಆದರೆ ಅದರ ಬಹುಪಾಲು ಬೇರಿನಲ್ಲಿ, ಮಣ್ಣಿನ ಒಳಗೆ ಇರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ವಿಶ್ವಸಂಸ್ಥೆ 2026ನೇ ವರ್ಷವನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿರುವುದರ ಹಿಂದೆ ಈ ಅರಿವಿದೆ. ಆ ಘೋಷಣೆ ನಮ್ಮ ಹೋಬಳಿಯ ಕಚೇರಿಗೆ ತಲುಪಬೇಕಾದರೆ ತಲುಪಿಸುವ ಕಾಲುಗಳು ಬೇಕು.

ಬಯಲಿನ ಕತೆ ಮಲೆನಾಡಿನವರಿಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ಬ್ಯಾಣಗಳಲ್ಲಿ, ಗುಡ್ಡದ ನೆತ್ತಿಗಳಲ್ಲಿ ಅಕೇಶಿಯಾ ಎದ್ದದ್ದೂ ಇದೇ ತರ್ಕದಿಂದ. 'ಬೋಳಾಗಿದೆ, ಹಸಿರು ಮಾಡೋಣ' ಎಂಬ ಒಂದೇ ವಾಕ್ಯ ಘಟ್ಟದ ಮೇಲೂ ಗುಬ್ಬಿಯ ಬಯಲಲ್ಲೂ ಕೆಲಸ ಮಾಡಿದೆ. ಅಲ್ಲಿನ ಹುಲ್ಲಿನ ಬೆಲೆ ತಿಳಿದವನಿಗೆ ಇಲ್ಲಿನ ಹುಲ್ಲಿನ ಬೆಲೆಯೂ ತಿಳಿಯುತ್ತದೆ.

ಆದ್ದರಿಂದ ನಡಿಗೆ. ವಾಹನದಿಂದ ನೋಡಿದರೆ ಬಯಲು ಒಂದೇ ಬಣ್ಣ; ನಡೆದಾಗ ಮಾತ್ರ ಕರಡದ ಹುಲ್ಲು ಬೇರೆ, ಗರಿಕೆ ಬೇರೆ, ಕಾರೆ, ಕವಳೆಗಳ ಪೊದೆ ಬೇರೆ ಎಂದು ಗೊತ್ತಾಗುತ್ತದೆ. ಬೆಳಗಿನ ಜಾವ ಗೌಜಲಕ್ಕಿಯ ಕೂಗು, ನೆತ್ತಿಯ ಮೇಲೆ ಬಾನಾಡಿಯ ಹಾಡು, ಚಳಿಗಾಲದಲ್ಲಿ ದೂರದ ಉತ್ತರದಿಂದ ಬಂದು ಹುಲ್ಲಿನ ತುದಿ ಸವರುವಂತೆ ಹಾರುವ ಗಿಡುಗಗಳು ನಡೆಯುವವನಿಗಷ್ಟೇ ದಕ್ಕುತ್ತವೆ. ನಡೆಯುವವರು ಕೆಲವು ಶಿಸ್ತನ್ನೂ ಪಾಲಿಸಬೇಕು. ಮೀಸಲು ಪ್ರದೇಶಕ್ಕೆ ಹೋಗುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಟಿಟ್ಟಿಭದಂಥ ಹಕ್ಕಿಗಳು ಬರಿನೆಲದಲ್ಲಿಯೇ ಮೊಟ್ಟೆಯಿಡುವುದರಿಂದ ಬಂಡಿದಾರಿ ಬಿಟ್ಟು ಅಲೆಯಬೇಡಿ. ಮೃಗಗಳನ್ನು ಬೆನ್ನಟ್ಟಿ ಚಿತ್ರ ತೆಗೆಯಬೇಡಿ. ಕುರಿ ಕಾಯುವ ಹಿರಿಯರು ಎದುರಾದರೆ ಕುಳಿತು ಮಾತನಾಡಿಸಿ. ಹುಲ್ಲಿನ ಹೆಸರು, ಹಳ್ಳದ ಹೆಸರು, ತೋಳ ಕಂಡ ಜಾಗಗಳನ್ನು ಕೇಳಿ ಬರೆದುಕೊಳ್ಳಿ.

ಆ ಬರಹ ನಿಮ್ಮ ಚೀಲದಲ್ಲಿಯೇ ಉಳಿಯದಿರಲಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನೀವು ಕಂಡದ್ದನ್ನು ಅಲ್ಲಿಗೆ ಕೊಡಿ. ಮುಂದೊಂದು ದಿನ ಕಡತವೊಂದು 'ಸದರಿ ಜಮೀನಿನಲ್ಲಿ ಏನೂ ಇರುವುದಿಲ್ಲ' ಎಂದು ಬರೆದುಕೊಂಡು ಬಂದಾಗ, ಇದೆ ಎಂದು ಹೇಳಲು ಊರಿನ ಕೈಯಲ್ಲಿ ಒಂದು ಪುಸ್ತಕವಾದರೂ ಇರುತ್ತದೆ.

ಈ ಮಳೆಗಾಲದ ವನಮಹೋತ್ಸವಕ್ಕೂ ಇದೇ ನಿಯಮವಿರಲಿ. ಗುಂಡಿ ತೋಡುವ ಮೊದಲು ಆ ನೆಲವನ್ನು ಒಮ್ಮೆ ನಡೆದು ನೋಡಿ. ಅಲ್ಲಿ ಹಿಂದೆ ಮರವಿತ್ತೆ, ಹುಲ್ಲಿತ್ತೆ ಎಂದು ಊರ ಹಿರಿಯರನ್ನು ಕೇಳಿ. ಮರವಿದ್ದ ಜಾಗವಾದರೆ ಊರಿನದೇ ಮರ ನೆಡೋಣ. ಹುಲ್ಲಿನ ನೆಲವಾದರೆ ಸಸಿಯನ್ನು ಮನೆಯ ಹಿತ್ತಲಿಗೋ ಶಾಲೆಯ ಅಂಗಳಕ್ಕೋ ಒಯ್ದು, ಕಾವಲನ್ನು ಕಾವಲಾಗಿಯೇ ಬಿಡೋಣ.